ಟಿ.ವಿ.ಯಲ್ಲಿ ಓಡಿದ ಕೆಂಪು ಗಾಡಿ

ತಂದೆಯ ಕಾಲದ ಜೀಪನ್ನೋ ಬುಲೆಟ್ ಬೈಕನ್ನೋ ರಿಪೇರಿಗೆ ಬಿಟ್ಟವರು ಮೆಕ್ಯಾನಿಕ್ ಬಾಯಿಂದ ಒಂದು ಮಾತು ಕೇಳಿಯೇ ಇರುತ್ತಾರೆ: “ಇದಕ್ಕೆ ಸುರಿಯೋ ದುಡ್ಡಲ್ಲಿ ಹೊಸದೇ ಬರುತ್ತೆ ಸಾರ್.” ಲೆಕ್ಕ ಸರಿಯೇ. ಆದರೂ ನಾವು ಒಪ್ಪುವುದಿಲ್ಲ. ಆ ಗಾಡಿಯಲ್ಲಿ ಬರೀ ಕಬ್ಬಿಣವಿಲ್ಲ, ಮನೆಯ ನೆನಪೂ ಇದೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಬೆಲ್‌ಫ್ಲವರ್ ಎಂಬ ಊರಿನಲ್ಲಿ ಇಂಥದೇ ಹಠದಿಂದ ಉಳಿಸಿಕೊಂಡ ಒಂದು ಕೆಂಪು ಟ್ರಕ್ ಇದೆ. 1972ರ ಡಾಡ್ಜ್ ಡಿ-300 ಗಾಡಿ ಅದು. ಹೆಸರು ‘ಸ್ಕ್ವಾಡ್ 51’. ಲಾಸ್ ಏಂಜಲೀಸ್ ಕೌಂಟಿ ಅಗ್ನಿಶಾಮಕ ವಸ್ತುಸಂಗ್ರಹಾಲಯದವರು ಅದನ್ನು ಮತ್ತೆ ಹೊಸದರಂತೆ ಮಾಡಿ ನಿಲ್ಲಿಸಿದ್ದಾರೆ. ಅದನ್ನು ನೋಡಲು ಬಂದ ಅಜ್ಜ ಅಜ್ಜಿಯರು ಗಾಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಂದು ಟಿ.ವಿ. ಧಾರಾವಾಹಿಯ ಗಾಡಿಗೆ ಇಷ್ಟೊಂದು ಮರ್ಯಾದೆ ಏಕೆ?

ಕಥೆಯ ಗಾಡಿ, ನಿಜದ ಕೆಲಸ

1972ರ ಜನವರಿ 15ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ಎಮರ್ಜೆನ್ಸಿ!’ ಎಂಬ ಧಾರಾವಾಹಿ ಆರಂಭವಾಯಿತು. ಅದನ್ನು ರೂಪಿಸಿದವರು ರಾಬರ್ಟ್ ಸಿನೇಡರ್ ಮತ್ತು ಹೆರಾಲ್ಡ್ ಜ್ಯಾಕ್ ಬ್ಲೂಮ್. ನಿರ್ಮಿಸಿದ್ದು ಜ್ಯಾಕ್ ವೆಬ್ ಅವರ ಸಂಸ್ಥೆ. ಕಥಾನಾಯಕರು ಜಾನ್ ಗೇಜ್ ಮತ್ತು ರಾಯ್ ಡಿಸೋಟೋ ಎಂಬ ಇಬ್ಬರು ಅಗ್ನಿಶಾಮಕ ನೌಕರರು. ರ‍್ಯಾಂಡಾಲ್ಫ್ ಮ್ಯಾಂಟೂತ್ ಮತ್ತು ಕೆವಿನ್ ಟೈ ಈ ಪಾತ್ರಗಳನ್ನು ಮಾಡಿದರು. ಬೆಂಕಿ ಆರಿಸುವುದರ ಜೊತೆಗೆ ಅಪಘಾತವಾದ ಜಾಗದಲ್ಲೇ ಚಿಕಿತ್ಸೆ ಶುರುಮಾಡುವ ತರಬೇತಿ ಪಡೆದವರು ಇವರು. ಇಂಥವರಿಗೆ ಪ್ಯಾರಾಮೆಡಿಕ್ ಎನ್ನುತ್ತಾರೆ. ಆಗ ಆ ಪದವೇ ಅಮೆರಿಕದ ಬಹಳಷ್ಟು ಮನೆಗಳಿಗೆ ಹೊಸದು.

ಸ್ಕ್ವಾಡ್ 51 ಒಂದು ವಿಚಿತ್ರ ಗಾಡಿ. ಫೈರ್ ಎಂಜಿನ್‌ನಂತೆ ಬೆಂಕಿಗೆ ನೀರು ಹಾಯಿಸುವ ಗಾಡಿ ಅದಲ್ಲ, ಆಂಬುಲೆನ್ಸ್‌ನಂತೆ ರೋಗಿಯನ್ನು ಮಲಗಿಸಿಕೊಂಡು ಹೋಗುವುದೂ ಅಲ್ಲ. ಎರಡೂ ಪಕ್ಕಗಳಲ್ಲಿ ಬಾಗಿಲುಳ್ಳ ಪೆಟ್ಟಿಗೆಗಳು. ಅವುಗಳಲ್ಲಿ ಔಷಧಿ ಪೆಟ್ಟಿಗೆ, ಆಕ್ಸಿಜನ್, ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ಜಖಂಗೊಂಡ ಕಾರಿನಿಂದ ಜನರನ್ನು ಬಿಡಿಸುವ ಸಲಕರಣೆ, ಹಗ್ಗ. ಜೊತೆಗೆ ಕಿತ್ತಳೆ ಬಣ್ಣದ ಒಂದು ಪೆಟ್ಟಿಗೆ. ಅದರ ಹೆಸರು ಬಯೋಫೋನ್. ಅದರ ಮೂಲಕ ಆಸ್ಪತ್ರೆಯ ವೈದ್ಯರೊಡನೆ ಮಾತನಾಡಬಹುದು, ರೋಗಿಯ ಇ.ಸಿ.ಜಿ.ಯನ್ನು ರಸ್ತೆಬದಿಯಿಂದಲೇ ಕಳಿಸಬಹುದು. ರೋಗಿಯನ್ನು ಕರೆದೊಯ್ಯಲು ಆಂಬುಲೆನ್ಸ್ ಬೇರೆಯೇ ಬರುತ್ತಿತ್ತು. ಒಬ್ಬ ಪ್ಯಾರಾಮೆಡಿಕ್ ಅದರಲ್ಲಿ ಹತ್ತುತ್ತಿದ್ದ, ಇನ್ನೊಬ್ಬ ಸ್ಕ್ವಾಡ್ ಓಡಿಸಿಕೊಂಡು ಹಿಂದೆ ಬರುತ್ತಿದ್ದ.

ಧಾರಾವಾಹಿಯವರು ನಿಜಕ್ಕೆ ಹತ್ತಿರವಿರಬೇಕೆಂದು ಪಟ್ಟುಹಿಡಿದಿದ್ದರು. ನಾಯಕ ನಟರಿಬ್ಬರೂ ಪ್ಯಾರಾಮೆಡಿಕ್ ತರಗತಿಗಳಿಗೆ ಹೋಗಿ ಕುಳಿತರು. ಎಂಜಿನ್ ಓಡಿಸುವ ಪಾತ್ರ ಮಾಡಿದ ಮೈಕ್ ಸ್ಟೋಕರ್ ಕೌಂಟಿಯ ನಿಜವಾದ ಅಗ್ನಿಶಾಮಕ ನೌಕರ. ಪಾತ್ರದ ಹೆಸರೂ ಅದೇ. ಠಾಣೆಗೆ ಕರೆ ಕಳಿಸುವ ದನಿ ಸ್ಯಾಮ್ ಲೆನಿಯರ್ ಅವರದು. ಅವರೂ ಕೌಂಟಿಯ ನಿಜವಾದ ಕರೆ ನಿರ್ವಾಹಕರು.

ಗಾಡಿಯ ಹಿಂದೆ ಒಂದು ಕಾನೂನು

ಈ ಗಾಡಿಯ ಬೆಲೆ ತಿಳಿಯಬೇಕಾದರೆ ಅದಕ್ಕೂ ಮುಂಚಿನ ದಿನಗಳನ್ನು ನೋಡಬೇಕು. 1960ರ ದಶಕದಲ್ಲಿ ಅಮೆರಿಕದ ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು ಶವಸಂಸ್ಕಾರದ ಏರ್ಪಾಟು ಮಾಡುವ ಸಂಸ್ಥೆಗಳವರು. ಮನುಷ್ಯ ಉದ್ದಕ್ಕೆ ಮಲಗುವಷ್ಟು ಜಾಗವಿರುವ ಗಾಡಿ ಅವರ ಬಳಿ ಇತ್ತು, ಅಷ್ಟೇ ಕಾರಣ. ದಾರಿಯಲ್ಲಿ ಚಿಕಿತ್ಸೆ ಎಂಬುದು ಇರಲಿಲ್ಲ. ಬೇಗ ಎತ್ತಿ ಹಾಕಿಕೊಂಡು ಹೋಗುವುದೇ ಕೆಲಸ.

1966ರಲ್ಲಿ ಬೆಲ್‌ಫಾಸ್ಟ್ ನಗರದ ವೈದ್ಯ ಫ್ರ್ಯಾಂಕ್ ಪ್ಯಾಂಟ್ರಿಜ್ ಹೃದಯಾಘಾತವಾದವರ ಬಳಿಗೇ ಯಂತ್ರವನ್ನು ಗಾಡಿಯಲ್ಲಿ ಒಯ್ಯುವ ಕ್ರಮ ಆರಂಭಿಸಿದರು. ಲಾಸ್ ಏಂಜಲೀಸ್ ಕೌಂಟಿಯಲ್ಲಿ 1969ರಲ್ಲಿ ಹಾರ್ಬರ್ ಜನರಲ್ ಆಸ್ಪತ್ರೆಯಲ್ಲಿ ಅಗ್ನಿಶಾಮಕ ನೌಕರರಿಗೆ ತರಬೇತಿ ಶುರುವಾಯಿತು. ಆದರೆ ಕಲಿತದ್ದನ್ನು ಮಾಡಲು ಕಾನೂನು ಬಿಡುತ್ತಿರಲಿಲ್ಲ. ಡಾಕ್ಟರು ಅಥವಾ ನರ್ಸ್ ಅಲ್ಲದವರು ಸೂಜಿ ಚುಚ್ಚುವಂತಿಲ್ಲ. ಆದ್ದರಿಂದ ಮೊದಲ ತಂಡಗಳ ಜೊತೆಗೆ ನರ್ಸ್ ಒಬ್ಬರು ಹೋಗಬೇಕಾಗುತ್ತಿತ್ತು.

1970ರ ಜುಲೈ 14ರಂದು ಆಗಿನ ಕ್ಯಾಲಿಫೋರ್ನಿಯ ಗವರ್ನರ್ ರೊನಾಲ್ಡ್ ರೇಗನ್ ವೆಡ್‌ವರ್ತ್-ಟೌನ್ಸೆಂಡ್ ಕಾಯಿದೆಗೆ ಸಹಿ ಹಾಕಿದರು; ಪ್ಯಾರಾಮೆಡಿಕ್‌ಗಳ ಕಟ್ಟಿದ ಕೈ ಬಿಚ್ಚಿತು. ರೇಗನ್ ಅವರ ತಂದೆಗೆ ಹೃದಯಾಘಾತವಾದಾಗ ಆಂಬುಲೆನ್ಸ್ ಊರಿನ ಗಡಿ ದಾಟಿ ಬರಲಿಲ್ಲ, ಆ ನೋವೇ ಅವರ ಕೈಯಿಂದ ಸಹಿ ಹಾಕಿಸಿತು ಎಂದು ಈ ಕಾಯಿದೆಯ ಕಥೆ ಹೇಳುವವರು ಇಂದಿಗೂ ಹೇಳುತ್ತಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ತಲಪಾಡಿ ಗಡಿ ಮುಚ್ಚಿದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಯಿದೆ ಬಂದು ಎರಡು ವರ್ಷವಾಗುವುದರೊಳಗೆ ಸ್ಕ್ವಾಡ್ 51 ಮನೆಮನೆಯ ಟಿ.ವಿ.ಗೆ ಬಂತು. “ನಮ್ಮ ಊರಿನಲ್ಲಿ ಇಂಥದು ಏಕಿಲ್ಲ?” ಎಂದು ನೋಡಿದವರು ಕೇಳತೊಡಗಿದರು. ಆ ಧಾರಾವಾಹಿ ನೋಡಿಯೇ ಈ ಕೆಲಸಕ್ಕೆ ಸೇರಿದವರು ಅನೇಕರು.

ಬರೀ ಬಣ್ಣ ಬಳಿದರೆ ಸಾಲದು

ಅರ್ಧ ಶತಮಾನ ಕಳೆದ ಟ್ರಕ್ಕನ್ನು ಎಬ್ಬಿಸುವ ಕೆಲಸ ಎಲ್ಲಿಯಾದರೂ ಒಂದೇ. ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ, ಪ್ರತಿ ಬೋಲ್ಟಿಗೂ ಚೀಟಿ. ಮೇಲೆ ಚೆನ್ನಾಗಿ ಕಂಡರೂ ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ತುಕ್ಕು. ವೈರಿಂಗಿನ ಹೊದಿಕೆ ಬೆರಳು ತಾಗಿದರೆ ಪುಡಿ. ಬ್ರೇಕಿನ ರಬ್ಬರ್ ಕಲ್ಲಿನಂತಾಗಿರುತ್ತದೆ, ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಅಂಟು. ಇದೆಲ್ಲ ಮುಗಿದ ಮೇಲೆ ಟಿಂಕರಿಂಗ್, ಪ್ರೈಮರ್, ಕೊನೆಗೆ ಬಣ್ಣ.

ಡಾಡ್ಜ್ ಡಿ-300 ವಿಷಯದಲ್ಲಿ ಒಂದು ಅನುಕೂಲವಿದೆ. 1972ರಲ್ಲಿ ಡಾಡ್ಜ್ ಕಂಪನಿ ತನ್ನ ಟ್ರಕ್ಕುಗಳಿಗೆ ಹೊಸ ಮೈಕಟ್ಟು ಕೊಟ್ಟಿತು. ಅದೇ ಮೈಕಟ್ಟು 1980ರವರೆಗೆ ನಡೆಯಿತು. ಹಾಗಾಗಿ ಬಾಗಿಲು, ಮಡ್‌ಗಾರ್ಡ್‌ನಂಥ ಭಾಗಗಳು ಗುಜರಿಯಲ್ಲಿ ಸಿಗುವ ಸಾಧ್ಯತೆ ಇದೆ. ಹಿಂಭಾಗದ ಪೆಟ್ಟಿಗೆಗಳು ಮಾತ್ರ ಹಾಗಲ್ಲ. ಯಾವ ಪೆಟ್ಟಿಗೆಯಲ್ಲಿ ಏನಿತ್ತು, ದೀಪ ಎಲ್ಲಿತ್ತು ಎಂಬುದಕ್ಕೆ ಹಳೆಯ ಕಂತುಗಳೇ ನಕ್ಷೆ. ಅಮೆರಿಕದ ಅಭಿಮಾನಿಗಳು ಅವನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿ, ಸ್ಕ್ವಾಡ್ 51ರ ಪ್ರತಿರೂಪಗಳನ್ನೂ ಕಟ್ಟಿಕೊಂಡಿದ್ದಾರೆ.

ಎರಡು ಬದುಕು ಕಂಡ ಎಂಜಿನ್

ಸ್ಕ್ವಾಡ್‌ನ ಜೊತೆಗಾರ ಫೈರ್ ಎಂಜಿನ್‌ನ ಕಥೆ ಇನ್ನೂ ಸ್ವಾರಸ್ಯ. ಧಾರಾವಾಹಿಯಲ್ಲಿ ಮೊದಲು ಕ್ರೌನ್ ಕಂಪನಿಯ ಎಂಜಿನ್ ಇತ್ತು, ಆಮೇಲೆ ವಾರ್ಡ್ ಲಾಫ್ರಾನ್ಸ್ ಕಂಪನಿಯದು ಬಂತು. 1977ರಲ್ಲಿ ವಾರದ ಕಂತುಗಳು ನಿಂತವು. ಬಳಿಕ 1979ರವರೆಗೆ ಕೆಲವು ದೀರ್ಘ ಚಿತ್ರಗಳು ಬಂದವು. ಅದಾದ ಮೇಲೆ ಈ ಎರಡನೆಯ ಎಂಜಿನ್ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿ, ಅಲ್ಲಿ ನಿಜವಾದ ಅಗ್ನಿಶಾಮಕ ಸೇವೆ ಮಾಡಿತು. ಕ್ಯಾಮೆರಾ ಮುಂದೆ ನಟಿಸಿದ ಗಾಡಿ ಕೊನೆಗೆ ನಿಜದ ಕೆಲಸಕ್ಕೇ ಇಳಿಯಿತು. ಅದಕ್ಕೆ ವಯಸ್ಸಾದ ಮೇಲೆ ವಸ್ತುಸಂಗ್ರಹಾಲಯದವರು ತಂದು ‘ಎಂಜಿನ್ 51’ ಮಾಡಿ, ಸ್ಕ್ವಾಡ್‌ನ ಜೊತೆ ಸೇರಿಸಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾವುದನ್ನು ಉಳಿಸಬೇಕು? ನಟಿಸಿದ ಬದುಕನ್ನೋ, ದುಡಿದ ಬದುಕನ್ನೋ? ಬಣ್ಣ ಬಳಿದಾಗ ಯೊಸೆಮಿಟಿಯ ಗುರುತು ಮರೆಯಾಗಲೇಬೇಕು. ಹಳೆಯದನ್ನು ಉಳಿಸುವುದೆಂದರೆ ಕೆಲವೊಮ್ಮೆ ಇನ್ನೊಂದು ಹಳೆಯದನ್ನು ಬಿಟ್ಟುಕೊಡುವುದು. ಬಿಟ್ಟುಕೊಟ್ಟದ್ದನ್ನು ಹೇಳಿಕೊಡುವುದಾದರೂ ಉಳಿಸಿದವರ ಹೊಣೆ.

ನಮ್ಮ ಬಾಗಿಲಿಗೂ ಬಂತು

2000ದ ಮೇ ತಿಂಗಳಲ್ಲಿ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಸಂಗ್ರಹಾಲಯವು ‘ಎಮರ್ಜೆನ್ಸಿ!’ಯ ಸಲಕರಣೆಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಧಾರಾವಾಹಿಯ ಸಾಮಾನು ದೇಶದ ಇತಿಹಾಸದ ಸಾಮಾನಾಯಿತು.

ಅದೇ ವಿಚಾರ ನಮ್ಮಲ್ಲಿಗೂ ಬಂದಿದೆ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಸೇವೆ ಆರಂಭವಾಯಿತು. 2008ರಲ್ಲಿ ತಮಿಳುನಾಡು, ಕರ್ನಾಟಕಕ್ಕೂ ಬಂತು. ಆ ಸೇವೆ ನಡೆಸುವ ಸಂಸ್ಥೆ 2007ರಲ್ಲಿ ಪ್ಯಾರಾಮೆಡಿಕ್ ತರಬೇತಿಗಾಗಿ ಕೈಜೋಡಿಸಿದ್ದು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದೊಂದಿಗೆ. ವೈದ್ಯರಲ್ಲದಿದ್ದರೂ ತರಬೇತಾದ ಒಬ್ಬರು ರೋಗಿ ಬಿದ್ದಲ್ಲಿಗೇ ಬರಬೇಕು ಎಂಬ ಮಾತನ್ನು ಲೋಕಕ್ಕೆ ತೋರಿಸಿದ ಗಾಡಿಗಳಲ್ಲಿ ಸ್ಕ್ವಾಡ್ 51 ಕೂಡ ಒಂದು.

ಮುಂದಿನ ಸಲ 108ರ ಸೈರನ್ ಕೇಳಿದಾಗ ದಾರಿ ಬಿಡಿ. ಜೊತೆಯಲ್ಲಿ ಮಕ್ಕಳಿದ್ದರೆ, ಬಾಗಿಲ ಮೇಲೆ 51 ಎಂದು ಬರೆದ ಆ ಕೆಂಪು ಗಾಡಿಯ ಕಥೆಯನ್ನೂ ಹೇಳಿ.