ನಾಲ್ಕು ಶಾಸ್ತ್ರಗಳು, ನಾಲ್ಕು ಮಗ್ಗುಲುಗಳು

ಕೆಲವು ಕೃತಿಗಳ ದುರ್ದೈವ ವಿಚಿತ್ರವಾದುದು. ಅವುಗಳ ಹೆಸರನ್ನು ಎಲ್ಲರೂ ಬಲ್ಲರು, ಅವುಗಳ ಮೇಲಿನ ಪರಿಹಾಸವನ್ನೂ ಬಲ್ಲರು. ಕೃತಿಯನ್ನು ಬಲ್ಲವರು ಮಾತ್ರ ವಿರಳ. ಪಾಶ್ಚಾತ್ಯ ರಾಕ್ ಸಂಗೀತದಲ್ಲಿ ಇಂಥ ದುರ್ದೈವಕ್ಕೆ ಈಡಾದುದು, ಇಂಗ್ಲೆಂಡಿನ ‘ಯೆಸ್’ ಎಂಬ ಪ್ರೊಗ್ರೆಸಿವ್ ರಾಕ್ ವೃಂದ 1973ರ ಡಿಸೆಂಬರಿನಲ್ಲಿ ಹೊರತಂದ ‘ಟೇಲ್ಸ್ ಫ್ರಂ ಟೊಪೊಗ್ರಾಫಿಕ್ ಓಷನ್ಸ್’. ಈ ಜೋಡಿ ಧ್ವನಿಮುದ್ರಿಕೆಯಲ್ಲಿರುವುದು ನಾಲ್ಕೇ ರಚನೆಗಳು. ಮಗ್ಗುಲಿಗೊಂದು, ಒಂದೊಂದೂ ಸುಮಾರು 20 ನಿಮಿಷ. ಆಡಂಬರಕ್ಕೆ ನಿದರ್ಶನ ಬೇಕಾದಾಗಲೆಲ್ಲ ಇದನ್ನು ಹೆಸರಿಸುವುದು ರೂಢಿಯಾಗಿದೆ. ಈ ತೀರ್ಪನ್ನು ಮತ್ತೊಮ್ಮೆ ಒರೆಗೆ ಹಚ್ಚಬೇಕೆಂದು ನನಗೆ ತೋರುತ್ತದೆ. ಭಾರತೀಯರಾದ ನಮಗೆ ಅದಕ್ಕೆ ವಿಶೇಷ ಕಾರಣವೂ ಉಂಟು.

ಕೃತಿಯ ಬೀಜ ದೊರೆತದ್ದು ಒಂದು ಅಡಿಟಿಪ್ಪಣಿಯಲ್ಲಿ. 1973ರ ಮಾರ್ಚಿಯಲ್ಲಿ ಟೋಕಿಯೋ ನಗರದ ಹೋಟೆಲೊಂದರಲ್ಲಿ ತಂಗಿದ್ದ ಗಾಯಕ ಜಾನ್ ಆಂಡರ್ಸನ್ನರು, ಪರಮಹಂಸ ಯೋಗಾನಂದರ 1946ರ ಆತ್ಮಕಥೆಯನ್ನು ಓದುತ್ತಿದ್ದರು. ಶಾಸ್ತ್ರಗಳು ಶ್ರುತಿ, ಸ್ಮೃತಿ, ಪುರಾಣ, ತಂತ್ರವೆಂದು ನಾಲ್ಕು ಬಗೆ ಎಂಬ ಟಿಪ್ಪಣಿ ಅವರ ಕಣ್ಣಿಗೆ ಬಿತ್ತು. ನಾಲ್ಕು ಭಾಗಗಳ ಮಹಾರಚನೆಯ ಕಲ್ಪನೆ ಮೂಡಿತು. ಗಿಟಾರ್ ವಾದಕ ಸ್ಟೀವ್ ಹೌ ಅವರೊಡನೆ ಪ್ರವಾಸದ ಹೋಟೆಲು ಕೋಣೆಗಳಲ್ಲಿ ಕುಳಿತು ಅದಕ್ಕೆ ರೂಪ ಕೊಟ್ಟರು. ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ. ಹಳ್ಳಿಗಾಡಿನ ವಾತಾವರಣ ಬೇಕೆಂದು ಅಲ್ಲಿ ಹುಲ್ಲಿನ ಕಂತೆಗಳನ್ನೂ ಹಲಗೆಯ ಹಸುವನ್ನೂ ತಂದಿರಿಸಿದರಂತೆ! ಪರಿಹಾಸಕ್ಕೆ ಇಷ್ಟು ಸಾಕಾಯಿತು.

ಅವಗಣನೆಗೆ ಬೇರೆ ಕಾರಣಗಳೂ ಇದ್ದವು. ಮುದ್ರಿಕೆ ಅಂಗಡಿಗೆ ಬರುವ ಮುನ್ನವೇ, ನವೆಂಬರಿನಲ್ಲಿ, ಇಂಗ್ಲೆಂಡಿನ ಸಭೆಗಳಲ್ಲಿ ಅದನ್ನು ಆದ್ಯಂತವಾಗಿ ನುಡಿಸಿದರು. ಎಂದೂ ಕೇಳದ 80 ನಿಮಿಷಗಳ ಸಂಗೀತವನ್ನು ಒಮ್ಮೆಲೇ ಅರಗಿಸಿಕೊಳ್ಳುವುದು ಯಾವ ಶ್ರೋತೃವಿಗೂ ಸುಲಭವಲ್ಲ. ಮುದ್ರಿಕೆ ಇಂಗ್ಲೆಂಡಿನಲ್ಲಿ ಮಾರಾಟದ ಪ್ರಥಮ ಸ್ಥಾನಕ್ಕೇರಿತು, ನಿಜ. ಆದರೆ ವಿಮರ್ಶಕರು ಮುಖ ತಿರುವಿದರು. ವೃಂದದ ಕೀಬೋರ್ಡ್ ವಾದಕ ರಿಕ್ ವೇಕ್ಮನ್ನರೇ ಅತೃಪ್ತರಾಗಿ 1974ರಲ್ಲಿ ಹೊರನಡೆದರು. ಒಂದು ತಟ್ಟೆಗೆ ಹೆಚ್ಚು, ಎರಡಕ್ಕೆ ಕಡಿಮೆ ಎನ್ನುವಷ್ಟು ಸಾಮಗ್ರಿಯನ್ನು ಹಿಗ್ಗಿಸಲಾಯಿತೆಂಬುದು ಅವರ ಆಕ್ಷೇಪ.

ಈಗ ಕೃತಿಯನ್ನೇ ನೋಡೋಣ. ಶಾಸ್ತ್ರವ್ಯಾಖ್ಯಾನವೆಂದು ಇದನ್ನು ಎಣಿಸಿದರೆ ನಿರಾಸೆ ಖಂಡಿತ. ವೇದದ ವಿಚಾರವಾಗಲಿ ಪುರಾಣದ ಕಥೆಯಾಗಲಿ ಇಲ್ಲಿಲ್ಲ. ಸಾಹಿತ್ಯವಂತೂ ಅನೇಕ ಕಡೆ ಅಸ್ಪಷ್ಟ. ಆದರೆ ನಾಲ್ಕು ಹೆಸರುಗಳು ಸಂಗೀತಕ್ಕೆ ನಾಲ್ಕು ಸ್ವಭಾವಗಳನ್ನು ಒದಗಿಸಿವೆ. ನಮ್ಮ ಮಾತಿನಲ್ಲಿ ಶ್ರುತಿಯೆಂದರೆ ವೇದವೂ ಹೌದು, ಹಾಡುಗಾರನ ಆಧಾರಸ್ವರವೂ ಹೌದು. ಮೊದಲ ರಚನೆ ಪಠಣದಂಥ ಗಾನದಿಂದಲೇ ತೊಡಗಿ, ಕ್ರಮೇಣ ರಾಗವಾಗಿ ಅರಳುತ್ತದೆ. ಎರಡನೆಯದು ಸ್ಮೃತಿ. ಇಲ್ಲಿ ಒಂದೇ ಸ್ವರಗುಚ್ಛ ಮರಳಿ ಮರಳಿ ಬರುತ್ತದೆ, ಪ್ರತಿಸಲವೂ ತುಸು ಬೇರೆಯಾಗಿ. ನೆನಪು ಕೆಲಸಮಾಡುವ ರೀತಿಯೇ ಅದಲ್ಲವೆ? ಮೆಲೊಟ್ರಾನಿನ ತೆರೆಗಳನ್ನು ಎಬ್ಬಿಸಿದವರು, ಕೃತಿಯನ್ನು ಒಲ್ಲದ ಅದೇ ವೇಕ್ಮನ್ನರು!

ಮೂರನೆಯದನ್ನು ಕೇಳದೆ ಬಿಡುವವರೇ ಹೆಚ್ಚು. ಅಲನ್ ವೈಟರ ತಾಳವಾದ್ಯಗಳ ಒರಟು ಹೊಡೆತದ ನಡುವೆ ಹೌ ಅವರ ಉಕ್ಕಿನ ಗಿಟಾರ್ ಚೀರುತ್ತದೆ. ಸೂರ್ಯನನ್ನು ನಾನಾ ಭಾಷೆಗಳಲ್ಲಿ ಹೆಸರಿಟ್ಟು ಕರೆಯಲಾಗುತ್ತದೆ. ಅನಂತರ ಎಲ್ಲ ಸದ್ದೂ ಅಡಗಿ, ತಂತಿಗಿಟಾರೊಂದೇ ನುಡಿಯುತ್ತದೆ. ಅದರ ಬೆನ್ನಿಗೆ ಒಂದು ಪುಟ್ಟ ಹಾಡು. ಆ ಒರಟುತನವನ್ನು ಸಹಿಸದವನಿಗೆ ಈ ಮೃದುತ್ವದ ಬೆಲೆ ತಿಳಿಯಲಾರದು. ಹಾಡನ್ನಷ್ಟೇ ಕತ್ತರಿಸಿ ಕೊಟ್ಟರೆ ಅದು ಸಾಮಾನ್ಯ ಗೀತವಾದೀತು. ದೀರ್ಘತೆ ಇಲ್ಲಿ ದೋಷವಲ್ಲ, ಸಾಧನ. ನಾಲ್ಕನೆಯ ರಚನೆ ಹಿಂದಿನ ಸ್ವರಗುಚ್ಛಗಳನ್ನು ಮತ್ತೆ ಕೂಡಿಸುತ್ತದೆ. ಕ್ರಿಸ್ ಸ್ಕ್ವಯರ್ ಅವರ ಬೇಸ್ ಗಿಟಾರ್ ಮತ್ತು ವಾದ್ಯಗಳ ಘೋರ ಘರ್ಷಣೆಯನ್ನು ಹಾದು ಶಾಂತಿಗೆ ತಲಪುತ್ತದೆ.

ಕೃತಿ ನಿರ್ದೋಷವೆಂದು ನಾನು ವಾದಿಸುವುದಿಲ್ಲ. ವೇಕ್ಮನ್ನರ ಆಕ್ಷೇಪದಲ್ಲಿ ಸತ್ಯಾಂಶವಿದೆ. ಎರಡನೆಯ ಮಗ್ಗುಲಿನಲ್ಲಿ ಕೆಲವು ನಿಮಿಷ ಸಂಗೀತ ನಿಂತಲ್ಲೇ ನಿಲ್ಲುತ್ತದೆ. ಆದರೆ ಮೊದಲು ಕೈಬಿಟ್ಟಿದ್ದ ಪೀಠಿಕಾಭಾಗವನ್ನು 2003ರ ಆವೃತ್ತಿಯಲ್ಲಿ ಸೇರಿಸಿದಾಗ ಮೊದಲ ರಚನೆಯ ಉದಯಕ್ಕೆ ಅಗತ್ಯವಾದ ನಸುಕು ದೊರೆಯಿತು. 2016ರಲ್ಲಿ ಸ್ಟೀವನ್ ವಿಲ್ಸನ್ನರು ಮರುಮಿಶ್ರಣ ಮಾಡಿದ ಆವೃತ್ತಿಯಲ್ಲಿ ವಾದ್ಯಗಳು ಒಂದರಿಂದೊಂದು ಬಿಡಿಯಾಗಿ ಕೇಳಿಬರುತ್ತವೆ.

ಹಿರಿದನ್ನು ಹವಣಿಸಿ ಅಲ್ಲಲ್ಲಿ ಎಡವಿದ ಕೃತಿಯೂ ಉಂಟು, ಕಿರಿದನ್ನೇ ಹವಣಿಸಿ ಎಲ್ಲಿಯೂ ಎಡವದ ಕೃತಿಯೂ ಉಂಟು. ಎರಡನೆಯದನ್ನು ಮೆಚ್ಚಲು ಶ್ರಮವಿಲ್ಲ. ಮೊದಲನೆಯದನ್ನು ತಿಳಿಯಲು ತಾಳ್ಮೆ ಬೇಕು. ವಿಮರ್ಶೆ ಆ ತಾಳ್ಮೆಯನ್ನು ಕಳೆದುಕೊಂಡರೆ ಕಲಾವಿದರು ಹವಣಿಸುವುದನ್ನೇ ಬಿಟ್ಟಾರು. ಸಹೃದಯರು ಮೂರನೆಯ ಮಗ್ಗುಲಿನಿಂದ ಆರಂಭಿಸಲಿ. ತೀರ್ಪು ಆಮೇಲೆ ಬರಲಿ.