ಹಗಲು ಕಾರ್ಖಾನೆ, ರಾತ್ರಿ ಗಿಟಾರು

ಬಟ್ಟೆ ಬಜಾರಿನ ನಮ್ಮ ಸ್ನೇಹಿತರೊಬ್ಬರು ಐವತ್ತರ ಹೊಸಿಲಲ್ಲಿ ಗಿಟಾರು ಕೊಂಡಿದ್ದಾರೆ. ಹೆಸರು ಬೇಡ. ಬರೆದರೆ ನಾಳೆಯಿಂದ ಸೀರೆ ಕೊಳ್ಳೋಕೆ ಹೋದವರೆಲ್ಲ "ಒಂದು ಹಾಡು ಬಾರಿಸಿ ಸ್ವಾಮಿ" ಅಂತ ಗಂಟು ಬೀಳ್ತಾರೆ. ಮನೆಯಾಕೆ ಮೊದಲ ದಿನವೇ "ಈ ವಯಸ್ಸಿಗೆ ಇದೊಂದು ಬಾಕಿ ಇತ್ತು" ಅಂದರಂತೆ. ಮಗ ನಕ್ಕನಂತೆ. ಆದರೂ ಮನುಷ್ಯ ಬಿಟ್ಟಿಲ್ಲ. ರಾತ್ರಿ ಒಂಬತ್ತಕ್ಕೆ ಷಟರ್ ಎಳೆದು, ಲೆಕ್ಕ ಮುಗಿಸಿ, ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಅರ್ಧ ಗಂಟೆ ತಂತಿ ಮೀಟುತ್ತಾರೆ.

ಮೊನ್ನೆ ಸಿಕ್ಕಾಗ ಮುಖ ಸಪ್ಪಗಿತ್ತು. ಯಾಕೆ ಅಂದೆ.

"ಸಿನಿಮಾ ಹಾಡು ಬರುತ್ತೆ. ಪುಸ್ತಕದಲ್ಲಿ ಬೆರಳು ಎಲ್ಲಿಡು ಅಂತ ಬರೆದಿದೆಯೋ ಅಲ್ಲಿಡ್ತೀನಿ. ಆದರೆ ಆ ಜಾಝ್‌ನವರು ನುಡಿಸ್ತಾರಲ್ಲ, ಪುಸ್ತಕ ಇಲ್ಲದೆ, ಆ ಕ್ಷಣಕ್ಕೆ ತೋಚಿದ್ದನ್ನ, ಹಾಗೆ ಹೊರಟರೆ ಎರಡೇ ಹೆಜ್ಜೆ. ಆಮೇಲೆ ಕರೆಂಟು ಹೋದ ಮನೆಯಲ್ಲಿ ಬೆಂಕಿಪೆಟ್ಟಿಗೆ ಹುಡುಕಿದ ಹಾಗೆ. ಕೈ ಎಲ್ಲಿದೆ ಅಂತ ನನಗೇ ಗೊತ್ತಿರೋಲ್ಲ. ಹಗಲೆಲ್ಲ ಗಜ ಅಳೆಯೋನಿಗೆ ಇದು ಆಗೋ ಮಾತಲ್ಲ, ಬಿಡಿ."

ಆಗೋ ಮಾತೋ, ಅಲ್ಲವೋ? ಉತ್ತರಕ್ಕೆ ಸ್ವಲ್ಪ ದೂರ ಹೋಗಬೇಕು. ಅಮೆರಿಕದ ಇಂಡಿಯಾನಾಪೊಲಿಸ್ ಎಂಬ ಊರಿನ ತನಕ. ಅಲ್ಲೊಬ್ಬ ಕಾರ್ಖಾನೆ ಕೆಲಸಗಾರ ಇದ್ದ. ಹೆಸರು ವೆಸ್ ಮಾಂಟ್‌ಗೊಮೆರಿ.

ಪಾಳಿ ಮುಗಿದ ಮೇಲೆ

ವೆಸ್ ಹುಟ್ಟಿದ್ದು 1923ರಲ್ಲಿ. ಕರಿಯ ಜನಾಂಗದ ಬಡ ಕುಟುಂಬ. ಅಣ್ಣ ಮಾಂಕ್ ತಂದುಕೊಟ್ಟ ನಾಲ್ಕು ತಂತಿಯ ಗಿಟಾರಿನಲ್ಲಿ ಹುಡುಗಾಟಿಕೆಗೆ ಶುರು ಮಾಡಿದ. ನಿಜವಾದ ಹುಚ್ಚು ಹಿಡಿದದ್ದು ಇಪ್ಪತ್ತರ ಆಸುಪಾಸಿನಲ್ಲಿ, ಚಾರ್ಲಿ ಕ್ರಿಶ್ಚಿಯನ್ ಎಂಬ ಗಿಟಾರು ವಾದಕನ ರೆಕಾರ್ಡು ಕೇಳಿದ ಮೇಲೆ. ಆ ಚಾರ್ಲಿಯೂ ಅಲ್ಪಾಯುಷಿ. ಕ್ಷಯದಿಂದ 1942ರಲ್ಲಿ, 25ನೇ ವಯಸ್ಸಿಗೇ ತೀರಿಕೊಂಡ. ಅವನು ಬಿಟ್ಟುಹೋದ ರೆಕಾರ್ಡುಗಳೇ ವೆಸ್‌ಗೆ ಮೇಷ್ಟ್ರು.

ಆರು ತಂತಿಯ ಎಲೆಕ್ಟ್ರಿಕ್ ಗಿಟಾರು ಕೊಂಡ. ರೆಕಾರ್ಡು ಹಾಕೋದು, ಒಂದು ಸಾಲು ಕೇಳೋದು, ಅದೇ ಸ್ವರ ತಂತಿಯ ಮೇಲೆ ಎಲ್ಲಿದೆ ಅಂತ ಹುಡುಕೋದು. ಮತ್ತೆ ಹಾಕೋದು, ಮತ್ತೆ ಹುಡುಕೋದು. ಸ್ವರಲಿಪಿ ಓದೋಕೆ ಬರ್ತಿರಲಿಲ್ಲ. ಕಿವಿಯೇ ಕಣ್ಣು. ಸದ್ದು ಜಾಸ್ತಿಯಾಗಿ ಮನೆಯವರಿಗೆ, ನೆರೆಯವರಿಗೆ ತೊಂದರೆ ಆಗಬಾರದು ಅಂತ ಮೀಟುಗಡ್ಡಿ ಬಿಟ್ಟು ಬರಿ ಹೆಬ್ಬೆರಳಲ್ಲಿ ಮೀಟಿದ ಅಂತ ಹೇಳ್ತಾರೆ. ಆ ಹೆಬ್ಬೆರಳಿನ ಮೆತ್ತನೆ ನಾದವೇ ಮುಂದೆ ಜಗತ್ತಿಗೆಲ್ಲ ಅವನ ಗುರುತಾಯಿತು.

ಮೊದಲು ಅವನಿಗೆ ಸಿಕ್ಕ ಕೆಲಸ ಏನು ಗೊತ್ತೆ? ಊರಿನ ಕ್ಲಬ್ಬಿನಲ್ಲಿ ಚಾರ್ಲಿ ನುಡಿಸಿದ್ದನ್ನು ಅಕ್ಷರಶಃ ಒಪ್ಪಿಸೋದು. ಆ ಭಾಗ ಮುಗಿದರೆ ವೇದಿಕೆ ಇಳಿದುಬಿಡಬೇಕು. ಅದಕ್ಕಿಂತ ಮುಂದೆ ಅವನಿಗೇ ಬರ್ತಿರಲಿಲ್ಲ. ನಮ್ಮ ಬಟ್ಟೆ ಬಜಾರಿನ ಸ್ನೇಹಿತರು ಇಂದು ನಿಂತಿರೋದು ಅದೇ ಜಾಗದಲ್ಲಿ.

1948ರಿಂದ 1950ರ ತನಕ ಲಯನಲ್ ಹ್ಯಾಂಪ್ಟನ್ ಅವರ ದೊಡ್ಡ ಬ್ಯಾಂಡಿನ ಜೊತೆ ಊರೂರು ಸುತ್ತಿದ. ಆಮೇಲೆ ಸಂಸಾರ ನೋಡಿಕೊಳ್ಳೋಕೆ ಇಂಡಿಯಾನಾಪೊಲಿಸ್‌ಗೆ ವಾಪಸು. ಮಕ್ಕಳೊಂದಿಗನಾದ ಮೇಲೆ ಬರಿ ಗಿಟಾರಿನಿಂದ ಹೊಟ್ಟೆ ತುಂಬೀತೆ? ರೇಡಿಯೋ ಬಿಡಿಭಾಗದ ಕಾರ್ಖಾನೆ ಸೇರಿದ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರ ತನಕ ಪಾಳಿ. ರಾತ್ರಿ ಒಂಬತ್ತಕ್ಕೆ ಒಂದು ಬಾರಿನಲ್ಲಿ ಗಿಟಾರು. ಅದು ಮುಗಿಯೋದು ಎರಡಕ್ಕೆ. ಅಲ್ಲಿಂದ ಎದ್ದು ಮಿಸೈಲ್ ರೂಮ್ ಎಂಬ ಇನ್ನೊಂದು ಕ್ಲಬ್ಬು. ಅಲ್ಲಿ ಬೆಳಗಿನ ಜಾವ ಐದರ ತನಕ. ಮತ್ತೆ ಏಳಕ್ಕೆ ಕಾರ್ಖಾನೆ. ನಿದ್ದೆ ಯಾವಾಗ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

1959ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಎಂಬ ದೊಡ್ಡ ಸ್ಯಾಕ್ಸೊಫೋನ್ ವಾದಕ ಆ ಊರಿಗೆ ಬಂದವರು ಇವನನ್ನು ಕೇಳಿ ದಂಗಾದರು. ರಿವರ್‌ಸೈಡ್ ರೆಕಾರ್ಡ್ ಕಂಪನಿಗೆ ಸುದ್ದಿ ಮುಟ್ಟಿಸಿದರು. 1960ರಲ್ಲಿ ಹೊರಬಂದ ರೆಕಾರ್ಡಿನ ಹೆಸರಲ್ಲೇ 'ನಂಬಲಾಗದ ಗಿಟಾರು' ಎಂಬ ಅರ್ಥ ಇತ್ತು. ಆಗ ವೆಸ್‌ಗೆ ಹತ್ತಿರ ಹತ್ತಿರ 37 ವರ್ಷ.

ಒಂದೇ ಸ್ವರಕ್ಕೆ ಐದು ಮನೆ

ಸರಿ, ಅವನು ಕಲಿತದ್ದಾದರೂ ಏನು? ಚಾರ್ಲಿಯ ಸಾಲು ಒಪ್ಪಿಸುತ್ತಿದ್ದವನು ತನ್ನದೇ ಸಾಲು ಕಟ್ಟುವವನಾದದ್ದು ಹೇಗೆ? ಗಿಟಾರಿನ ಕತ್ತಿನ ಹಲಗೆಯನ್ನು, ಫ್ರೆಟ್‌ಬೋರ್ಡು ಅಂತಾರಲ್ಲ ಅದನ್ನು, ತನ್ನ ಬೀದಿಯಂತೆ ಕಲಿತ. ಗುಟ್ಟು ಅಲ್ಲಿದೆ.

ಹಾರ್ಮೋನಿಯಂ ನೋಡಿ. ಒಂದು ಸ್ವರಕ್ಕೆ ಒಂದೇ ಮನೆ. ಮಧ್ಯ ಸ್ಥಾಯಿಯ ಷಡ್ಜ ಬೇಕೆ, ಅದರ ಮನೆ ಒಂದೇ, ಬೆರಳು ಅಲ್ಲಿಗೇ ಹೋಗಬೇಕು. ಗಿಟಾರಿನಲ್ಲಿ ಹಾಗಲ್ಲ. ಎಲ್ಲಕ್ಕಿಂತ ಸಣ್ಣ ತಂತಿಯನ್ನು ಒತ್ತದೆ ಮೀಟಿದರೆ ಬರುವ 'ಇ' ಸ್ವರ, ಎರಡನೇ ತಂತಿಯ 5ನೇ ಮೆಟ್ಟಿನಲ್ಲೂ ಇದೆ. ಮೂರನೇ ತಂತಿಯ 9ರಲ್ಲೂ ಇದೆ. ನಾಲ್ಕನೆಯದರ 14ರಲ್ಲಿ, ಐದನೆಯದರ 19ರಲ್ಲಿ ಸಹ. ಅದೇ ಸ್ವರ, ಅದೇ ಎತ್ತರ, ಐದು ವಿಳಾಸ! ಅಂಚೆಯವನಿಗೂ ತಲೆ ಕೆಡುತ್ತೆ.

ನಮ್ಮ ವೀಣೆಯಲ್ಲೂ ಮೆಟ್ಟುಗಳಿವೆ, ಇಪ್ಪತ್ತನಾಲ್ಕು. ಆದರೆ ವೈಣಿಕರು ಹೆಚ್ಚಾಗಿ ಒಂದೇ ತಂತಿಯ ಮೇಲೆ ಉದ್ದಕ್ಕೆ ಸಾಗುತ್ತಾರೆ, ತಂತಿಯನ್ನು ಎಳೆದು ಗಮಕ ತರುತ್ತಾರೆ. ಗಿಟಾರಿನವನು ಉದ್ದಕ್ಕೂ ಹೋಗಬೇಕು, ಅಡ್ಡಕ್ಕೂ ದಾಟಬೇಕು.

ಅಂಗಡಿ ಲೆಕ್ಕದಲ್ಲೇ ನೋಡೋಣ. ತಂತಿ ಆರು. ಹನ್ನೆರಡನೇ ಮೆಟ್ಟು ತಂತಿಯ ನಟ್ಟನಡುವೆ ಬರುತ್ತೆ. ಅಲ್ಲಿಗೆ ಒಂದು ಸ್ಥಾಯಿ ಪೂರ್ತಿ, ಮುಂದೆ ಅದೇ ಪಾಠ ಮೊದಲಿಂದ. ಆರು ಹನ್ನೆರಡಲಿ ಎಪ್ಪತ್ತೆರಡು ಜಾಗ. ಸ್ವರಸ್ಥಾನಗಳೋ ಹನ್ನೆರಡೇ. ಹಾಗಾದರೆ ಒಂದೊಂದು ಸ್ವರದ ಹೆಸರು ಆರಾರು ಕಡೆ, ತಂತಿಗೊಂದರಂತೆ. ಸಮುದ್ರ ಅಂತ ಹೆದರಿದ್ದು ನಿಜವಾಗಿ ಎಪ್ಪತ್ತೆರಡು ಕಪಾಟಿನ ಅಂಗಡಿ. ನಿಮ್ಮ ಅಂಗಡಿಯಲ್ಲಿ ಅದಕ್ಕಿಂತ ಜಾಸ್ತಿ ಕಪಾಟು ಇದ್ದೀತು. ಕಣ್ಣು ಮುಚ್ಚಿ ಕೇಳಿದರೂ ಯಾವ ಪಂಚೆ ಎಲ್ಲಿದೆ ಅಂತ ನೀವು ಹೇಳೋಲ್ಲವೆ?

ಮನೆಯೇ ಬದಲಾಗುವ ಸಂಗೀತ

ಸಿನಿಮಾ ಹಾಡಿಗೆ ಸಾಕಾದ ತಿಳಿವಳಿಕೆ ಜಾಝ್‌ಗೆ ಯಾಕೆ ಸಾಲದು? ನಮ್ಮ ಕಛೇರಿಯಲ್ಲೂ ಮನೋಧರ್ಮ ಇದೆ, ಆಲಾಪನೆ ಇದೆ. ಆದರೆ ಅಲ್ಲಿ ಷಡ್ಜ ಒಂದೇ. ತಂಬೂರಿ ಮೊದಲಿಂದ ಕೊನೆ ತನಕ ಅದನ್ನೇ ಹೇಳ್ತಾ ಇರುತ್ತೆ. ಎಲ್ಲಿ ಅಲೆದಾಡಿ ಬಂದರೂ ಮನೆ ಅಲ್ಲೇ ಇರುತ್ತೆ. ಜಾಝ್‌ನಲ್ಲಿ ಮನೋಧರ್ಮದ ಕೆಳಗೆ ಕಾರ್ಡುಗಳು, ಅಂದರೆ ಸ್ವರಗಳ ಗೊಂಚಲುಗಳು, ಆವರ್ತಕ್ಕೊಂದರಂತೆ ಬದಲಾಗ್ತವೆ. ಈ ಕ್ಷಣ ಹಿತವಾದ ಸ್ವರ ಮುಂದಿನ ಕ್ಷಣ ಕಲ್ಲು ಕಡಿದ ಹಾಗಾದೀತು. ಬಸ್ಸು ಹೊರಟಿದೆ, ಮುಂದಿನ ಸ್ಟಾಪು ಯಾವುದು ಅಂತ ಮೊದಲೇ ಗೊತ್ತಿರಬೇಕು. ಇಳಿಯೋ ಬಾಗಿಲು ಎಲ್ಲಿದೆ ಅಂತಲೂ.

ಒಂದು ಉದಾಹರಣೆ. ಜಾಝ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಮೂರು ಗೊಂಚಲು ಉಂಟು: ಡಿ ಮೈನರ್ ಸೆವೆನ್ತ್, ಜಿ ಸೆವೆನ್ತ್, ಸಿ ಮೇಜರ್ ಸೆವೆನ್ತ್. ಮೊದಲನೆಯದಕ್ಕೆ ನಾಲ್ಕನೇ ತಂತಿಯ 3ನೇ ಮೆಟ್ಟಿನಲ್ಲಿ ಒಂದು ಬೆರಳು, ಮೂರನೇ ತಂತಿಯ 5ರಲ್ಲಿ ಇನ್ನೊಂದು. ಗೊಂಚಲು ಬದಲಾಯಿತೇ? 5ರಲ್ಲಿದ್ದ ಬೆರಳನ್ನು 4ಕ್ಕೆ ಇಳಿಸಿ, ಇನ್ನೊಂದು ಹಾಗೇ ಇರಲಿ. ಮತ್ತೆ ಬದಲಾಯಿತೇ? ಈಗ 3ರಲ್ಲಿದ್ದದ್ದು 2ಕ್ಕೆ ಇಳಿಯಲಿ, ಇನ್ನೊಂದು ಹಾಗೇ ಇರಲಿ. ಎರಡೇ ಬೆರಳು, ಒಂದೊಂದೇ ಮೆಟ್ಟು. ಅಷ್ಟಕ್ಕೇ ಮೂರು ಗೊಂಚಲಿನ ಗುಣ ಕಿವಿಗೆ ಸ್ಪಷ್ಟ. ಕೈ ಹಾರಾಡಬೇಕಾಗಿಲ್ಲ, ಪಕ್ಕದ ಮನೆಗೆ ಹೋದರೆ ಸಾಕು. ಆದರೆ ಪಕ್ಕದ ಮನೆ ಯಾರದು ಅಂತ ಗೊತ್ತಿರಬೇಕು, ಅಷ್ಟೆ.

ದಿನಕ್ಕೊಂದು ವಿಳಾಸ

ಹಾಗಾದರೆ ಕಲಿಯೋದು ಹೇಗೆ? ಎಪ್ಪತ್ತೆರಡನ್ನೂ ಒಂದೇ ದಿನ ಗಿಣಿಪಾಠ ಮಾಡೋಕೆ ಹೋಗಬೇಡಿ. ದಿನಕ್ಕೊಂದು ಸ್ವರ ಸಾಕು. ಇವತ್ತು 'ಜಿ' ಅನ್ನಿ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪದ್ದರಲ್ಲಿ, 3ನೇ ಮೆಟ್ಟು. ಐದನೆಯದರಲ್ಲಿ 10. ನಾಲ್ಕನೆಯದರಲ್ಲಿ 5. ಮೂರನೆಯದರಲ್ಲಿ 12. ಎರಡನೆಯದರಲ್ಲಿ 8. ಮೊದಲನೆಯದರಲ್ಲಿ ಮತ್ತೆ 3. ಬಾಯಲ್ಲಿ ಹೆಸರು ಹೇಳುತ್ತಾ ಬೆರಳಿಡಿ. ಹನ್ನೆರಡು ದಿನಕ್ಕೆ ಹನ್ನೆರಡು ಸ್ವರ. ಮರೆತರೆ ಮತ್ತೊಂದು ಸುತ್ತು. ಬಡ್ಡಿ ಯಾರೂ ಕೇಳೋಲ್ಲ.

ಎರಡನೆಯದು, ವೆಸ್‌ನ ಹೆಗ್ಗುರುತು. ಅವನು ಒಂದೇ ಸ್ವರವನ್ನು ಕೆಳಗಿನ ಸ್ಥಾಯಿ, ಮೇಲಿನ ಸ್ಥಾಯಿ ಎರಡರಲ್ಲೂ ಒಟ್ಟಿಗೆ ಮೀಟಿ ರಾಗ ಕಟ್ಟುತ್ತಿದ್ದ. ಇದಕ್ಕೊಂದು ಅಚ್ಚು ಉಂಟು. ಆರನೇ ಅಥವಾ ಐದನೇ ತಂತಿಯಲ್ಲಿ ಸ್ವರ ಹಿಡಿದರೆ, ನಡುವೆ ಒಂದು ತಂತಿ ಬಿಟ್ಟು ಆಚೆಯ ತಂತಿಯಲ್ಲಿ ಎರಡು ಮೆಟ್ಟು ಮುಂದಕ್ಕೆ ಅದರ ಮೇಲಿನ ಸ್ಥಾಯಿ. ನಾಲ್ಕು ಅಥವಾ ಮೂರನೇ ತಂತಿಯಿಂದ ಹೊರಟರೆ ಮೂರು ಮೆಟ್ಟು ಮುಂದಕ್ಕೆ. ಯಾಕೆ ಈ ವ್ಯತ್ಯಾಸ? ಮೂರನೇ ಮತ್ತು ಎರಡನೇ ತಂತಿಯ ನಡುವೆ ಶ್ರುತಿಯ ಅಂತರ ನಾಲ್ಕು ಮೆಟ್ಟು, ಉಳಿದೆಲ್ಲ ತಂತಿಗಳ ನಡುವೆ ಐದು. ಇದೊಂದು ಸಂಗತಿ ನೆನಪಿದ್ದರೆ ಹಲಗೆಯ ಅರ್ಧ ರಹಸ್ಯ ಕೈಗೆ ಬಂತು.

ಮೂರನೆಯದು, ಬಾಯಲ್ಲಿ ಹಾಡದೆ ಬೆರಳಲ್ಲಿ ಹುಡುಕಬೇಡಿ. ನಾಲ್ಕು ಸ್ವರದ ಸಣ್ಣ ಸಾಲು ಗುನುಗಿ, ಆಮೇಲೆ ತಂತಿಯ ಮೇಲೆ ಅದನ್ನು ಹಿಡಿಯಿರಿ. ಅದೇ ಸಾಲನ್ನು ಇನ್ನೊಂದು ವಿಳಾಸದಲ್ಲಿ ಮತ್ತೊಮ್ಮೆ ಹಿಡಿಯಿರಿ. ಬೆರಳು ತಾನಾಗಿ ಓಡಿದರೆ ಅದು ಅಭ್ಯಾಸದ ಓಟ. ಕಿವಿ ಕರೆದ ಕಡೆ ಬೆರಳು ಹೋದರೆ ಅದು ಮನೋಧರ್ಮ. ಇವತ್ತು ಮೊಬೈಲಿನಲ್ಲಿ ಹಲಗೆಯ ನಕ್ಷೆ ಬೇಕಾದಷ್ಟು ಸಿಗುತ್ತೆ. ಆದರೆ ನಕ್ಷೆ ನೋಡಿ ನಡೆಯೋನು ಬೇರೆ, ಬೀದಿ ಬಲ್ಲವನು ಬೇರೆ. ವೆಸ್ ಬಳಿ ನಕ್ಷೆ ಇರಲಿಲ್ಲ. ಒಂದೊಂದು ಸ್ವರವನ್ನೂ ತಡಕಾಡಿ ಹುಡುಕಿದ್ದರಿಂದಲೇ ಅದು ಅವನ ಸ್ವಂತವಾಯಿತು.

ಕೊಟ್ಟ ಬೆಲೆ

ಇಷ್ಟು ಹೇಳಿ ಇನ್ನೊಂದು ಮಾತು ಮುಚ್ಚಿಟ್ಟರೆ ತಪ್ಪಾಗುತ್ತೆ. ವೆಸ್ ಮಾಂಟ್‌ಗೊಮೆರಿ ಕೊನೆಗಾಲದಲ್ಲಿ ದುಡ್ಡು ಕಂಡ, ಗ್ರ್ಯಾಮಿ ಬಹುಮಾನ ಕಂಡ, ಲಕ್ಷಾಂತರ ಜನರ ಮೆಚ್ಚುಗೆ ಕಂಡ. ಆದರೆ 1968ರ ಜೂನ್ 15ರಂದು, ಇಂಡಿಯಾನಾಪೊಲಿಸ್‌ನ ತನ್ನ ಮನೆಯಲ್ಲೇ, ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 45. ನಮ್ಮ ಸ್ನೇಹಿತರಿಗಿಂತ ಚಿಕ್ಕವನು. ಆ ನಿದ್ದೆಗೆಟ್ಟ ವರ್ಷಗಳಿಗೂ ಆ ಸಾವಿಗೂ ಲೆಕ್ಕ ಜೋಡಿಸೋಕೆ ನಾವು ಡಾಕ್ಟರಲ್ಲ. ಆದರೆ ಏಳರಿಂದ ಮೂರು, ಒಂಬತ್ತರಿಂದ ಐದು ಎಂಬ ದಿನಚರಿಯನ್ನು ಯಾರಿಗೂ ಶಿಫಾರಸು ಮಾಡೋಕೆ ಮನಸ್ಸು ಬರೋಲ್ಲ. ಅವನಿಗೆ ಅದು ಹವ್ಯಾಸದ ಮೋಜಾಗಿರಲಿಲ್ಲ. ಹೊಟ್ಟೆಪಾಡು ಒಂದು ಕಡೆ, ನಾದದ ಹಸಿವು ಇನ್ನೊಂದು ಕಡೆ ಎಳೆದವು.

ನಮ್ಮ ಸ್ನೇಹಿತರಿಗೆ ಆ ಕಷ್ಟವಿಲ್ಲ. ಅವರು ರೆಕಾರ್ಡು ಹೊರಡಿಸಬೇಕಾಗಿಲ್ಲ. ಅರ್ಧ ಗಂಟೆ ಸಾಕು.

ಈ ಕಥೆಯನ್ನೆಲ್ಲ ಮೊನ್ನೆ ಅವರ ಅಂಗಡಿಯಲ್ಲಿ ಕೂತು ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. "ಆರನೇ ತಂತಿಯ ಮೂರು ಅಂದ್ರಲ್ಲ, ಅದು ಜಿ ಅಲ್ವಾ?" ಅಂದರು. ಹೌದು ಅಂದೆ. ಗಿರಾಕಿ ಬಂದರು, ಮಾತು ಅಲ್ಲಿಗೇ ನಿಂತಿತು.

ನಿನ್ನೆ ರಾತ್ರಿ ಕೊನೇ ಬಸ್ಸು ಹಿಡಿಯೋಕೆ ಆ ದಾರಿಯಲ್ಲೇ ಹೋದೆ. ಷಟರ್ ಅರ್ಧ ಇಳಿದಿತ್ತು. ಒಳಗೆ ದೀಪ. ಮೆತ್ತಗೆ, ಹೆಬ್ಬೆರಳಲ್ಲಿ, ಒಂದೇ ಸ್ವರ ಆರು ಕಡೆಯಿಂದ ಕೇಳಿಸ್ತಾ ಇತ್ತು. ಐದನೆಯದು ತಪ್ಪಿತು. ಮತ್ತೆ ಮೊದಲಿಂದ ಶುರು ಮಾಡಿದರು.