‘ವಿಶೇಷ ಆರೈಕೆ’ಗೆ 9,000 ರೂಪಾಯಿ

ನಮ್ಮವರು ಪುಣೆಯ ಆರೈಕೆ ಕೇಂದ್ರವೊಂದನ್ನು ಸೇರಿ ಒಂದೂವರೆ ವರ್ಷವಾಯಿತು. ಮರೆವಿನ ಕಾಯಿಲೆ, ಡಿಮೆನ್ಶಿಯಾ. ಅದರ ಮೇಲೆ ಕಿಡ್ನಿಯ ತೊಂದರೆ ಬೇರೆ. ಎತ್ತಿ ಕೂರಿಸುವ ಶಕ್ತಿ ನನಗಿಲ್ಲ. ತಿಂಗಳಿಗೆ 38,000 ರೂಪಾಯಿ ಎಂದು ಒಪ್ಪಂದವಾಗಿತ್ತು. ದೀಪಾವಳಿ ಕಳೆದ ಮೇಲೆ ಬಿಲ್ಲಿನಲ್ಲಿ ಹೊಸ ಸಾಲು ಬಂತು: ‘ವಿಶೇಷ ಆರೈಕೆ, 9,000’. ಕೇಳಿದ್ದಕ್ಕೆ, ‘ಸಾಹೇಬರು ರಾತ್ರಿ ಕೂಗಾಡುತ್ತಾರೆ, ಸಹಕರಿಸುವುದಿಲ್ಲ’ ಅಂದರು.

ಏನೆಂದು ಕೂಗುತ್ತಾರೆ ಎಂದು ರಾತ್ರಿ ಪಾಳಿಯ ಮಾವಶಿಯನ್ನು ಕೇಳಿದೆ. ‘ವಂದಕ, ವಂದಕ ಅಂತಾರೆ’ ಅಂದಳು.

ಒಂದಕ್ಕ! ನಾಲ್ವತ್ತು ವರ್ಷ ಮರಾಠಿಯಲ್ಲೇ ನೌಕರಿ ಮಾಡಿದವರಿಗೆ ಈಗ ಉಳಿದಿರುವುದು ಧಾರವಾಡದ ಮಾತೊಂದೇ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯ್ನುಡಿ ಉಳಿಯುವುದು ಹಲವರಲ್ಲಿ ಕಾಣುತ್ತದೆ. ಪರಊರಿನಲ್ಲಿರುವ ನಮ್ಮಂಥವರು ಇದನ್ನು ಗಮನಿಸಬೇಕು. ಮೂತ್ರಕ್ಕೆ ಕರೆದೊಯ್ಯಿರಿ ಎಂದು ಕೇಳಿದ್ದಕ್ಕೆ ತಿಂಗಳಿಗೆ 9,000 ದಂಡ!

ಆದರೂ ಬಾಯಿ ತೆರೆಯಲು ಹೆದರಿಕೆ. ‘ಕರ್ಕೊಂಡು ಹೋಗಿ’ ಅಂದರೆ ಎಲ್ಲಿಗೆ ಹೋಗಲಿ? ನನ್ನ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಿಕೊಂಡರೆ, ಅವರು ಯಾರಿಗೆ ಹೇಳಿಯಾರು? ‘ಕೊಟ್ಟುಬಿಡವ್ವಾ’ ಅಂದ ಮಗ. ನನ್ನ ಪಿಂಚಣಿಯ ಮೂರನೇ ಒಂದು ಪಾಲು ಅದು.

38,000 ತಪ್ಪದೆ ಕಟ್ಟುತ್ತ ಒಂದು ಪತ್ರ ಕೊಟ್ಟೆ, ಪ್ರತಿಯ ಮೇಲೆ ಸಹಿ ಹಾಕಿಸಿಕೊಂಡೆ. ಹೆಚ್ಚಿನ ಹಣ ಯಾವ ಕೆಲಸಕ್ಕೆ? ಮಾಡುವವರು ಯಾರು, ಎಷ್ಟು ಹೊತ್ತು? ಒಪ್ಪಂದದಲ್ಲಿ ಎಲ್ಲಿದೆ? ಇಷ್ಟೇ ಪ್ರಶ್ನೆ. ಹಣ ಕೊಟ್ಟು ಪಡೆಯುವ ಇಂಥ ಸೇವೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಸರೆಯಿದೆ. ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ವಕೀಲರಿಲ್ಲದೆ, ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಳ್ಳುತ್ತಾರೆ. ನಾನೂ ಬರೆಸಿದೆ.

ಜೊತೆಗೆ ಒಂದು ಹಾಳೆಯಲ್ಲಿ ಒಂದಕ್ಕ, ನೀರು, ಹಸಿವು, ಥಂಡಿ, ಸಾಕು ಎಂಬ ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಮರಾಠಿ ಅರ್ಥ ಕೊಟ್ಟು ಮಂಚದ ತಲೆದೆಸೆಗೆ ಅಂಟಿಸಿದೆ. ಮಾವಶಿ ಎರಡೇ ದಿನದಲ್ಲಿ ಕಲಿತಳು. ಈಗ ಅವಳೇ ‘ಒಂದಕ್ಕ ಕಾ, ಆಜೋಬಾ?’ ಎಂದು ಕೇಳುತ್ತಾಳೆ. ಕೂಗಾಟ ಬಹಳ ಕಡಿಮೆಯಾಗಿದೆ.

ಈ ತಿಂಗಳ ಬಿಲ್ಲಿನಲ್ಲಿ ಆ ಸಾಲು ಇರಲಿಲ್ಲ. ಹಿಂದಿನ ಎರಡು ತಿಂಗಳ 18,000 ಮಾತ್ರ ಬಾಕಿ ಇದೆ ಎನ್ನುತ್ತಿದ್ದಾರೆ. ಒಪ್ಪಂದದಲ್ಲಿ ತೋರಿಸಿ ಎಂದಿದ್ದೇನೆ, ಇನ್ನೂ ತೋರಿಸಿಲ್ಲ. ಆಯೋಗಕ್ಕೆ ಕೊಡುವ ಕಾಗದಗಳನ್ನು ಜೋಡಿಸಿ ಇಟ್ಟುಕೊಂಡಿದ್ದೇನೆ.